ಒಡೆದ ಕಟ್ಟೆ

ಹಲವರ ರಕ್ಷಣೆಗಾಗಿ ಕೆಲವರನ್ನು ಮುಳುಗಿಸುವುದು ಧರ್ಮವೇ? ಅಮೆರಿಕಾದ ಮಿಸ್ಸಿಸ್ಸಿಪ್ಪಿ ಮಹಾನದಿಯು ಈ ಪ್ರಶ್ನೆಯನ್ನು 1927ರಲ್ಲಿ ಮನುಷ್ಯರ ಮುಂದಿಟ್ಟಿತು.

1812ರ ಜನವರಿಯಲ್ಲಿ ಮೊದಲನೆಯ ಉಗಿಹಡಗು ಇಳಿದುಬಂದಂದಿನಿಂದ ನದೀಮುಖದ ನ್ಯೂ ಆರ್ಲಿಯನ್ಸ್ ಪಟ್ಟಣದ ವ್ಯಾಪಾರವು ಬೆಳೆಯುತ್ತ ಬಂದಿತು. ದಡದುದ್ದಕ್ಕೂ ಕಟ್ಟೆಗಳೆದ್ದವು; ಹರಡಲು ಎಡೆಗಾಣದ ನೀರು ಮೇಲಕ್ಕೇರಿತು. 1927ರ ಮಹಾಪ್ರವಾಹದಲ್ಲಿ ಪಟ್ಟಣದ ಧನಿಕರು ಬೆದರಿ, ಗವರ್ನರರ ಅಪ್ಪಣೆ ಪಡೆದು, ಏಪ್ರಿಲ್ 29ರಂದು ಕೆಳಗಣ ಕೆರ್ನಾರ್ವನ್ ಎಂಬಲ್ಲಿ ಕಟ್ಟೆಯನ್ನು ಡೈನಮೈಟಿನಿಂದ ಒಡೆಯಿಸಿದರು. ಸೇಂಟ್ ಬರ್ನಾರ್ಡ್, ಪ್ಲಾಕಮಿನ್ಸ್ ಸೀಮೆಗಳ ಬೇಟೆಗಾರರೂ ರೈತರೂ ಮೊದಲೇ ಮನೆಮಠ ಬಿಟ್ಟು ಹೊರಟಿದ್ದರು. ಪರಿಹಾರದ ವಾಗ್ದಾನವೇನೋ ದೊಡ್ಡದಿದ್ದಿತು. ಬಹುಮಂದಿಗೆ ದೊರೆತುದು ಅತ್ಯಲ್ಪ. ಅಷ್ಟರಲ್ಲಿ ಮೇಲಣ ಕಟ್ಟೆಗಳು ತಾವಾಗಿಯೇ ಒಡೆದು, ಈ ಸ್ಫೋಟವೇ ಅನಾವಶ್ಯಕವಾಗಿತ್ತೆಂದು ತೋರಿತು.

ಸಂಕಟಕಾಲದಲ್ಲಿ ಲೆಕ್ಕ ತಪ್ಪುವುದು ಮನುಷ್ಯಸಹಜ. ಆದರೆ ನಿಶ್ಚಯಿಸಿದವರು ಒಬ್ಬರು, ನೆನೆದವರು ಮತ್ತೊಬ್ಬರು ಎಂಬುದೇ ಇಲ್ಲಿಯ ಅಧರ್ಮ. ತಾನಾಗಿ ಕೊಟ್ಟುದು ತ್ಯಾಗ. ಪರರಿಂದ ಕಿತ್ತುಕೊಂಡುದು ತೀರಿಸಲೇಬೇಕಾದ ಋಣ.

1931ರಲ್ಲಿ ಪಟ್ಟಣದ ಮೇಲ್ಗಡೆ ಬಾನೆ ಕ್ಯಾರೆ ಎಂಬಲ್ಲಿ, ಮುಂಚಿತವಾಗಿ ನೆಲವನ್ನು ಪಡೆದು, ಹೆಚ್ಚಿದ ನೀರನ್ನು ಸರೋವರಕ್ಕೆ ಬಿಡುವ ಬಾಗಿಲುಗಳನ್ನು ಕಟ್ಟಿ ಮುಗಿಸಿದರು. ನೀರಿಗೆ ದಾರಿ ಬೇಕೇ ಬೇಕು. ಅದರ ಬೆಲೆಯನ್ನು ಪ್ರವಾಹಕ್ಕೆ ಮುನ್ನವೇ ತೆರುವುದು ನ್ಯಾಯ.