ಟೋಲು ಮತ್ತು ದಂಡ

ಡೊಂಬಿವಲಿ, ಕಲ್ಯಾಣ, ಥಾಣೆ, ನವಿಮುಂಬಯಿ ಕಡೆಯ ಕನ್ನಡಿಗರಲ್ಲಿ ಊರಿಗೆ ಹೋಗುವ ದಾರಿಯ ಲೆಕ್ಕದಲ್ಲಿ ಎರಡು ಪಂಗಡ. ಕರಾವಳಿಯವರು ಪನವೇಲಿನಿಂದ ಗೋವಾ ಹೆದ್ದಾರಿ ಹಿಡಿಯುತ್ತಾರೆ, ಇಲ್ಲವೇ ಕೊಂಕಣ ರೈಲು ಹತ್ತುತ್ತಾರೆ. ಧಾರವಾಡ-ಬೆಳಗಾವಿ ಕಡೆಯ ನಮ್ಮಂಥವರಿಗೆ, ಕಾರಿದ್ದರೆ, ಕಳಂಬೋಲಿಯಿಂದ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇ. 2002ರಲ್ಲಿ ಪೂರ್ತಿಯಾಗಿ ತೆರೆದ ಈ ತೊಂಬತ್ತನಾಲ್ಕೂವರೆ ಕಿಲೋಮೀಟರಿನ ಕಾಂಕ್ರೀಟ್ ರಸ್ತೆ ನಮ್ಮ ಪಾಲಿಗೆ ಊರಿನ ಮೊದಲ ಮೆಟ್ಟಿಲು. ಅದಕ್ಕೆ ಮುಂಚೆ ಖೋಪೋಲಿಯಿಂದ ಘಟ್ಟ ಹತ್ತುವಾಗ ಲಾರಿಯ ಹಿಂದೆ ಲಾರಿಯ ಹೊಗೆ ಕುಡಿದವರಿಗೆ ಅದರ ಬೆಲೆ ಗೊತ್ತು.

2024ರ ಜುಲೈಯಿಂದ ಈ ರಸ್ತೆಯುದ್ದಕ್ಕೂ ಹೊಸ ಕ್ಯಾಮೆರಾಗಳು ಕೆಲಸ ಮಾಡತೊಡಗಿದವು. ಬಯಲಿನಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್, ಘಟ್ಟದಲ್ಲಿ 60. ಮೀರಿದರೆ ಎರಡು ಸಾವಿರ ರೂಪಾಯಿಯ ಚಲನ್ ಮೊಬೈಲಿಗೇ ಬರುತ್ತದೆ. ಸಂಘದ ಕಾರ್ಯಕ್ರಮ ಮುಗಿದು ಉಪ್ಪಿಟ್ಟು-ಚಹಾ ಹೊತ್ತಿನಲ್ಲಿ ಹಿಂದೆಲ್ಲ "ನಿಮಗೆಷ್ಟು ಬಂತು?" ಎಂದು ಕೇಳಿದರೆ ಅದು ಡಿ.ಎ. ಬಾಕಿಯ ವಿಚಾರ ಎಂದು ತಿಳಿಯಬೇಕಿತ್ತು. ಈಗ ಚಲನ್. ಹೇಳುವವರ ಮುಖದಲ್ಲಿ ಸಂಕೋಚವಿಲ್ಲ, ಮಳೆಯಲ್ಲಿ ನೆನೆದದ್ದನ್ನು ಹೇಳಿದ ಹಾಗೆ ಹೇಳುತ್ತಾರೆ. ಸಿಕ್ಕಿಬಿದ್ದದ್ದು ತಪ್ಪಿನಿಂದಲ್ಲ, ದುರದೃಷ್ಟದಿಂದ ಎಂಬ ಭಾವ. ನನ್ನನ್ನು ಕಾಡಿದ್ದು ಈ ಭಾವವೇ.

ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನನ್ನ ಅಕ್ಕನ ಮಗ ಖಾರಘರದಲ್ಲಿರುತ್ತಾನೆ, ಐರೋಲಿಯ ಕಂಪೆನಿಯೊಂದರಲ್ಲಿ ಕೆಲಸ. 2024ರ ನವೆಂಬರಿನ ಒಂದು ರಾತ್ರಿ ಧಾರವಾಡದಿಂದ ಅವನಿಗೆ ಫೋನ್ ಬಂತು: ಅವ್ವನಿಗೆ ಎದೆನೋವು, ದವಾಖಾನೆಗೆ ಒಯ್ದಿದ್ದೇವೆ, ಹೊರಟು ಬಾ. ಅವನ ಕಾರು ಗ್ಯಾರೇಜಿನಲ್ಲಿತ್ತು. ಡೊಂಬಿವಲಿಗೆ ಬಂದು ನನ್ನ ಕಾರು ತೆಗೆದುಕೊಂಡು ಹೋದ. ಅಕ್ಕ ದೇವರ ದಯೆಯಿಂದ ಉಳಿದಳು, ಈಗ ಆರಾಮ ಇದ್ದಾಳೆ. ಕೆಲವು ದಿನ ಕಳೆದ ಮೇಲೆ ನನ್ನ ಮೊಬೈಲಿಗೆ ಎರಡು ಚಲನ್ ಬಂದವು. ಬಯಲಿನಲ್ಲಿ 124, ಘಟ್ಟದಲ್ಲಿ 87. ಎರಡನೆಯದರ ಫೋಟೊದಲ್ಲಿ ನನ್ನ ಕಾರಿನ ನಂಬರ್ ಪ್ಲೇಟು ಸ್ಪಷ್ಟ. ಪಕ್ಕದ ಪಥದಲ್ಲಿ ಅರ್ಧ ಮಾತ್ರ ಕಾಣುವ ಒಂದು ಟೆಂಪೊ, ತಾಡಪತ್ರಿ ಹೊದಿಸಿ ಹಗ್ಗ ಬಿಗಿದದ್ದು.

ಅವನಿಗೆ ತಿಳಿಸಿದೆ. ಎರಡೇ ನಿಮಿಷದಲ್ಲಿ ನಾಲ್ಕು ಸಾವಿರ ನನ್ನ ಖಾತೆಗೆ ಜಮಾ. ಹಿಂದೆಯೇ ಫೋನು. "ಮುಗೀತಲ್ರೀ ಮಾಮಾ. ಇನ್ನೊಂದು ಟೋಲ್ ಕಟ್ಟೀವಿ ಅಂತ ತಿಳ್ಕೋರಿ."

ಹುಡುಗ ಒಳ್ಳೆಯವನು. ಉಡಾಫೆಯಿಂದ ಅಂದದ್ದಲ್ಲ, ಮಾಮನಿಗೆ ಬೇಜಾರಾಗಬಾರದು ಅಂತ ಅಂದದ್ದು. ಆದರೆ ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡಿದ ನನಗೆ ಎರಡು ಬೇರೆ ಬೇರೆ ಲೆಡ್ಜರಿಗೆ ಸೇರಬೇಕಾದದ್ದನ್ನು ಒಂದೇ ಕಡೆ ಬರೆದಂತೆ ಕಂಡಿತು.

ಟೋಲು ಎಂದರೆ ಬೆಲೆ. 2023ರ ಏಪ್ರಿಲಿನಿಂದ ಕಾರಿಗೆ 320 ರೂಪಾಯಿ. ಕೊಟ್ಟರೆ ಹೋಗುವ ಹಕ್ಕು ನಮ್ಮದು, ಯಾರ ಋಣವೂ ಇಲ್ಲ. ಅಳಿಯನಂಥವರ ಗೊಂದಲಕ್ಕೆ ರಸ್ತೆಯೂ ಸ್ವಲ್ಪ ಕಾರಣ ಎನ್ನಬೇಕು. ನಮಗೆ ಅಲ್ಲಿ ಮಾರುತ್ತಿರುವುದೇ ವೇಗ. ವೇಗಕ್ಕೆಂದು ಖಾಲಾಪುರದಲ್ಲಿ ದುಡ್ಡು ತೆಗೆದುಕೊಂಡು, ಮುಂದೆ ಹೋದಮೇಲೆ ವೇಗಕ್ಕೆಂದೇ ದಂಡ ಹಾಕಿದರೆ ಸಾಮಾನ್ಯನಿಗೆ ಒಂದೇ ಅಂಗಡಿಯ ಎರಡು ಬಿಲ್ಲಿನ ಹಾಗೆ ಕಾಣುತ್ತದೆ. ಎರಡೂ ಮೊಬೈಲಿಗೆ ಬರುವ ಸಂದೇಶಗಳೇ, ಎರಡನ್ನೂ ಬೆರಳ ತುದಿಯಿಂದ ತೀರಿಸಬಹುದು. ಪೋಲೀಸಿನವನ ಎದುರು ತಲೆತಗ್ಗಿಸಿ ನಿಲ್ಲುವ ಪ್ರಸಂಗವೂ ಇಲ್ಲ.

ದಂಡವನ್ನು ಜನ ಬೆಲೆಯೆಂದು ತಿಳಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಯೋಗವೇ ನಡೆದಿದೆ. ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ಗ್ನೀಜಿ ಮತ್ತು ರುಸ್ಟಿಕಿನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಪ್ರಯೋಗ ಅದು, 2000ದಲ್ಲಿ ಪ್ರಕಟವಾಯಿತು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ಆರು ಕಡೆ ಸಣ್ಣ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಾದರು. ಕಾದು ಕೂತ ಟೀಚರಿನ ಮುಖ ನೋಡಲು ನಾಚುತ್ತಿದ್ದವರು, ದುಡ್ಡು ಕೊಡುತ್ತೇವಲ್ಲ ಎಂದು ನಿರಾಳರಾದರು. ದಂಡ ತೆಗೆದುಹಾಕಿದ ಮೇಲೂ ಆ ಹಳೆಯ ನಾಚಿಕೆ ಮರಳಿ ಬರಲಿಲ್ಲವಂತೆ.

ಬ್ಯಾಂಕುಗಳಲ್ಲೂ ಇದೇ ರೋಗ ಇತ್ತು. ಕಂತು ತಪ್ಪಿದ ಸಾಲಗಾರನಿಗೆ ದಂಡದ ಬಡ್ಡಿ ಹಾಕಿ, ಅದನ್ನೇ ಒಂದು ಆದಾಯ ಮಾಡಿಕೊಂಡಿದ್ದ ಬ್ಯಾಂಕುಗಳಿದ್ದವು. 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿ, ದಂಡ ಇರುವುದು ಸಾಲಗಾರನಲ್ಲಿ ಶಿಸ್ತು ಬರಲೆಂದು, ನಿಮ್ಮ ಗಳಿಕೆ ಹೆಚ್ಚಲೆಂದಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು. ನಾನು ಆಗಲೇ ನಿವೃತ್ತ, ಆದರೂ ಓದಿ ಸಮಾಧಾನವಾಯಿತು.

ಎಕ್ಸ್‌ಪ್ರೆಸ್‌ವೇಯ ಲೆಕ್ಕ ನೋಡಿ. ಕ್ಯಾಮೆರಾ ಬಂದ ಮೊದಲ ವರ್ಷದಲ್ಲಿ ಎಲ್ಲ ಬಗೆಯ ತಪ್ಪುಗಳಿಗೆ ಸೇರಿ ಸುಮಾರು ಇಪ್ಪತ್ತೇಳು ಲಕ್ಷ ಚಲನ್, ಸುಮಾರು 470 ಕೋಟಿ ರೂಪಾಯಿ ದಂಡ. ವಸೂಲಾದದ್ದು ಐವತ್ತು ಕೋಟಿಯ ಆಸುಪಾಸು. ನಮ್ಮ ಬ್ರಾಂಚಿನ ಸಾಲದ ಪುಸ್ತಕ ಹೀಗಿದ್ದರೆ ಮ್ಯಾನೇಜರನಿಗೆ ನಿದ್ದೆ ಬರುತ್ತಿರಲಿಲ್ಲ. ಕಟ್ಟದವರು ಲೋಕ ಅದಾಲತ್ತಿಗೆ ಕಾಯುತ್ತಾರೆ, ಅಲ್ಲಿ ಏನಾದರೂ ಬಿಡಬಹುದೆಂದು. ಕರ್ನಾಟಕದಲ್ಲಂತೂ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರು, ಸೀರೆ ಅಂಗಡಿಯ ಆಷಾಢದ ಸೇಲಿನ ಹಾಗೆ. ಜನ ಸಾಲುಗಟ್ಟಿ ಕಟ್ಟಿದರು, ಬೊಕ್ಕಸ ತುಂಬಿತು, ನಿಜ. ಮೊದಲೇ ಪೂರ್ತಿ ಕಟ್ಟಿದವನು ಮಾತ್ರ ಪೆದ್ದನಾದ. ಸಾಲ ಮನ್ನಾ ಆದಾಗಲೆಲ್ಲ, ಹೊಟ್ಟೆ ಕಟ್ಟಿ ಕಂತು ತೀರಿಸಿದ ರೈತ ಬ್ಯಾಂಕಿಗೆ ಬಂದು "ಹಂಗಾರ ನಾ ಏನ್ ತಪ್ಪು ಮಾಡೀನ್ರೀ ಸಾಹೇಬ್ರ?" ಎಂದು ಕೇಳುತ್ತಿದ್ದುದು ನೆನಪಾಗುತ್ತದೆ. ರಿಯಾಯಿತಿ ಸಿಗುವುದು ಸರಕಿಗೆ. ತಪ್ಪಿಗೂ ಸಿಗತೊಡಗಿದರೆ ಅದೂ ಸರಕೇ ಆಗುತ್ತದೆ.

ಇನ್ನೊಂದು ತೊಡಕು: ದುಡ್ಡಿನ ದಂಡವನ್ನು ಯಾರು ಬೇಕಾದರೂ ಕಟ್ಟಬಹುದು. ಎರಡನೆಯ ಸಲ ಸಿಕ್ಕರೆ ಲೈಸೆನ್ಸನ್ನೇ ಜಪ್ತು ಮಾಡಬಹುದೆಂದು 2019ರ ತಿದ್ದುಪಡಿಯಲ್ಲಿದೆ. ಆದರೆ ಚಲನ್ ಬರುವುದು ಗಾಡಿಯ ಮಾಲಿಕನಿಗೆ. ಎಂಬತ್ತರ ಮೇಲೆ ಹೋಗದ ನಾನು ಈಗ ಸರಕಾರದ ದಫ್ತರಿನಲ್ಲಿ ವೇಗದೂತ. ಓಡಿಸಿದವರ ಹೆಸರನ್ನು ಕೇಳಿದರೆ ಮಾಲಿಕ ಹೇಳಬೇಕೆಂದು ಕಾನೂನಿದೆ, ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ. ಮತ್ತೆ, ಅಳಿಯನಿಗೆ ನಾಲ್ಕು ಸಾವಿರವೆಂದರೆ ವಾಶಿಯ ಹೋಟೆಲಿನಲ್ಲಿ ಒಂದು ಸಂಜೆ. ಬಾಡಿಗೆ ಟೆಂಪೊ ಓಡಿಸುವವನಿಗೆ ಅದು ಎಷ್ಟೋ ದಿನದ ಅನ್ನ. ಫಿನ್ಲೆಂಡಿನಲ್ಲಿ ಆದಾಯ ನೋಡಿ ದಂಡ ಹಾಕುತ್ತಾರೆ. 2002ರಲ್ಲಿ ನೋಕಿಯಾ ಕಂಪೆನಿಯ ಹಿರಿಯ ಅಧಿಕಾರಿಯೊಬ್ಬರಿಗೆ 50ರ ಜಾಗದಲ್ಲಿ 75ರಲ್ಲಿ ಮೋಟರ್‌ಸೈಕಲ್ ಓಡಿಸಿದ್ದಕ್ಕೆ ಒಂದು ಲಕ್ಷದ ಹದಿನಾರು ಸಾವಿರ ಯೂರೋ ಬಿತ್ತು. ಆಮೇಲೆ ಅವರ ಗಳಿಕೆ ಇಳಿದಿದೆ ಎಂದು ಕಡಿಮೆ ಮಾಡಿದರು, ಅದು ಬೇರೆ. ನೋವು ಸಮನಾಗಿರಬೇಕೆಂಬ ಆ ತತ್ತ್ವ ನನಗೆ ಹಿಡಿಸುತ್ತದೆ. ಆದರೂ ಅದೂ ದುಡ್ಡೇ.

ದಂಡ ಬೆಲೆಯಾಗಲಾರದ್ದು ಯಾಕೆಂದರೆ ಬೆಲೆಯನ್ನು ಮಾರುವವನಿಗೆ ಕೊಡಬೇಕು. ಘಟ್ಟದಲ್ಲಿ 87ರಲ್ಲಿ ಹೋದ ಅಳಿಯ ತೆಗೆದುಕೊಂಡದ್ದು ಯಾರಿಂದ? ವೇಗ 60ರಿಂದ 87ಕ್ಕೆ ಏರಿದರೆ ಏಟಿನ ಬಲ ಎರಡು ಪಟ್ಟಿಗೂ ಮಿಕ್ಕುತ್ತದೆ, ಚಕ್ರಬಡ್ಡಿಗಿಂತ ಕ್ರೂರ ಲೆಕ್ಕ ಅದು. ಆ ಅಪಾಯವನ್ನು ಅವನು ಪಕ್ಕದ ಪಥದವರ ತಲೆಯ ಮೇಲೆ ಅವರನ್ನು ಕೇಳದೆ ಇಟ್ಟ. 2012ರ ಡಿಸೆಂಬರಿನಲ್ಲಿ ಇದೇ ರಸ್ತೆಯಲ್ಲಿ ಮರಾಠಿ ನಟರಾದ ಆನಂದ ಅಭ್ಯಂಕರ, ಅಕ್ಷಯ ಪೆಂಡ್ಸೆ ಮತ್ತು ಪೆಂಡ್ಸೆಯವರ ಎಳೆಯ ಮಗ ತೀರಿಕೊಂಡರು. ಎದುರು ಬದಿಯಿಂದ ನಡುವಿನ ಡಿವೈಡರ್ ದಾಟಿ ಬಂದ ಟೆಂಪೊ ಅವರ ಕಾರಿಗೆ ಬಡಿದಿತ್ತು. ಅವರು ತಮ್ಮ ಪಥದಲ್ಲಿ ತಾವು ಹೋಗುತ್ತಿದ್ದವರು. 2016ರಲ್ಲಿ ಈ ಒಂದು ರಸ್ತೆಯಲ್ಲೇ 151 ಜನ ಸತ್ತರು.

ಊರಲ್ಲಿದ್ದಾಗ ನಮ್ಮನ್ನು ಹದ್ದಿನಲ್ಲಿಡುತ್ತಿದ್ದದ್ದು ಓಣಿಯ ಕಟ್ಟೆ. ಸೈಕಲ್ಲನ್ನು ಜೋರಾಗಿ ಬಿಟ್ಟರೂ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತಿತ್ತು: "ನಿಮ್ಮ ಹುಡುಗ ಮುದುಕೀನ್ನ ಕೆಡವತಿದ್ದ." ಪರಊರಿಗೆ ಬಂದವರಿಗೆ ಕಟ್ಟೆಯಿಲ್ಲ. ಪಕ್ಕದ ಕಾರಿನವನು ನಮ್ಮವನಲ್ಲ, ನಾಳೆ ಮದುವೆಯಲ್ಲಿ ಎದುರಾಗುವವನಲ್ಲ. ಈ ಹಗುರತನ ಪರಸ್ಥಳದ ಒಂದು ಸುಖ ಎಂಬುದನ್ನು ಒಪ್ಪಬೇಕು, ಎಷ್ಟೋ ಜನ ಅದಕ್ಕಾಗಿಯೇ ಊರು ಬಿಟ್ಟಿದ್ದಾರೆ. ಕ್ಯಾಮೆರಾ ಈಗ ಕಟ್ಟೆಯ ಜಾಗದಲ್ಲಿ ಕೂತಿದೆ. ಆದರೆ ಅದು ಬಿಲ್ಲು ಕಳಿಸುತ್ತದೆ ಅಷ್ಟೆ. ಮುದುಕಿ ಯಾರು ಅಂತ ಅದು ಹೇಳುವುದಿಲ್ಲ.

ಇದನ್ನೆಲ್ಲ ಅಳಿಯನಿಗೆ ಹೇಳುವಾಗ ಒಂದು ಲೆಕ್ಕವನ್ನೂ ಹೇಳಿದೆ. ಇಡೀ ಎಕ್ಸ್‌ಪ್ರೆಸ್‌ವೇಯನ್ನು 100ರ ಬದಲು 120ರಲ್ಲಿ ದಾಟಿದರೂ ಉಳಿಯುವುದು ಒಂಬತ್ತೂವರೆ ನಿಮಿಷ. ಡೊಂಬಿವಲಿಯಿಂದ ಕಳಂಬೋಲಿಗೆ ಬರುವಾಗ ಕಾಟೈ ನಾಕಾ, ಶಿಳಫಾಟಾ ಅದಕ್ಕಿಂತ ಹೆಚ್ಚು ತಿಂದಿರುತ್ತವೆ. ಧಾರವಾಡ ಐದುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ.

ಅವನು ಸಿಟ್ಟಾಗಲಿಲ್ಲ. "ಲೆಕ್ಕ ಖರೇ ಐತ್ರೀ ಮಾಮಾ. ಆದ್ರ ಅವತ್ತ ಫೋನ್ ನಿಮಗ ಬಂದಿದ್ರ?" ಎಂದ.

ನನಗೂ ಬಂದಿತ್ತು, ಆಗ ಅದು ತಾರು. 1986ರಲ್ಲಿ, ಅಪ್ಪನಿಗೆ ಸೀರಿಯಸ್, ಕೂಡಲೇ ಹೊರಡು ಎಂದು. ಕಲ್ಯಾಣದಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿ ಹತ್ತಿದೆ. ಬೆಳಿಗ್ಗೆ ಮಿರಜದಲ್ಲಿ ಇಳಿದು ಮೀಟರ್‌ಗೇಜಿನ ಗಾಡಿಗೆ ಕಾಯಬೇಕು. ಕರ್ಜತದಿಂದ ಘಟ್ಟ ಹತ್ತಿಸಲು ಹಿಂದೆ ಎಂಜಿನ್ ಜೋಡಿಸುವಾಗ, ಮಿರಜದಲ್ಲಿ ಕಾಯುವಾಗ, ನನ್ನೊಳಗಿನ ಅವಸರ ಅಳಿಯನ ಅವಸರಕ್ಕಿಂತ ಕಡಿಮೆ ಇರಲಿಲ್ಲ. ಕೈಯಲ್ಲಿ ಸ್ಟೇರಿಂಗ್ ಇರಲಿಲ್ಲ, ಅಷ್ಟೆ. ನನ್ನ ಅವಸರದಿಂದ ಆ ಡಬ್ಬಿಯಲ್ಲಿ ಯಾರಿಗೂ ಅಪಾಯವಿರಲಿಲ್ಲ. ಧಾರವಾಡ ಮುಟ್ಟುವ ಹೊತ್ತಿಗೆ ಅಣ್ಣ ಎಲ್ಲ ಮುಗಿಸಿ, ಸ್ನಾನ ಮಾಡಿ ಕಟ್ಟೆಯ ಮೇಲೆ ಕೂತಿದ್ದ.

ಇದನ್ನು ಹೇಳಿದಾಗ ಅಳಿಯ "ಅದಕ್ಕ ಮಾಮಾ, ನಾ ಹಂಗ ಓಡಿಸಿದ್ದು" ಎಂದ. ಅವನ ನೋವು ನನಗೆ ತಿಳಿಯದ್ದಲ್ಲ. ಆದರೂ ನಾಲ್ಕು ಸಾವಿರವನ್ನು ಅವನ ಖಾತೆಗೇ ತಿರುಗಿ ಹಾಕಿದೆ. ಚಲನ್ ನಂಬರು ಕಳಿಸಿ, ನೀನೇ ತೆಗೆದು, ಫೋಟೊ ನೋಡಿ ಕಟ್ಟು ಎಂದೆ. ಮೂರನೆಯ ದಿನ ರಾತ್ರಿ ಕಟ್ಟಿದ. ಕಟ್ಟಿ ಫೋನ್ ಮಾಡಿದ.

"ಮಾಮಾ, ಬಾಜೂಕ ಒಂದು ಟೆಂಪೋ ಐತಲ್ರೀ ಫೋಟೊದಾಗ. ಅವತ್ತ ನಾ ಅದನ್ನ ನೋಡೇ ಇಲ್ರೀ."