ಕಳ್ಳ ಸಿಕ್ಕಿದ ಮೇಲೆ?



ಕೊಲೆಯ ಕಥೆಯನ್ನು ಮನೆಮಂದಿಯೆಲ್ಲ ಕುಳಿತು ನಗುತ್ತಾ ನೋಡಲು ಸಾಧ್ಯವೇ? 2013ರಲ್ಲಿ ಬಿಬಿಸಿ ಆರಂಭಿಸಿದ 'ಫಾದರ್ ಬ್ರೌನ್' ಅಂಥ ಧಾರಾವಾಹಿ. ಕಾಲ 1950ರ ದಶಕ. ಸ್ಥಳ ಇಂಗ್ಲೆಂಡಿನ ಕೆಂಬಲ್‌ಫೋರ್ಡ್ ಎಂಬ ಕಾಲ್ಪನಿಕ ಹಳ್ಳಿ. ಸೈಕಲ್ ಏರಿ, ಕೊಡೆ ಹಿಡಿದು ಓಡಾಡುವ ಕಥೋಲಿಕ ಗುರುವೇ ಅಲ್ಲಿನ ಪತ್ತೇದಾರ. ಊರ ಸುದ್ದಿಯನ್ನೆಲ್ಲ ಬಲ್ಲ ಮಿಸೆಸ್ ಮೆಕಾರ್ಥಿ ಅವರ ಜೊತೆಗಾರ್ತಿ. ಪೊಲೀಸ್ ಅಧಿಕಾರಿ ಎಷ್ಟು ಗದರಿದರೂ ಅಪರಾಧಿಯನ್ನು ಕಂಡುಹಿಡಿಯುವವರು ಈ ಗುರುಗಳೇ.

1910ರಲ್ಲಿ ಈ ಪಾತ್ರವನ್ನು ಸೃಷ್ಟಿಸಿದವರು ಜಿ.ಕೆ. ಚೆಸ್ಟರ್ಟನ್. ಅವರ ಗೆಳೆಯ ಫಾದರ್ ಜಾನ್ ಓಕಾನರ್ ಇದಕ್ಕೆ ಪ್ರೇರಣೆ. ಗುರುಗಳಿಗೆ ಲೋಕದ ಕೆಡುಕು ಏನು ಗೊತ್ತು ಎಂದು ಕೇಂಬ್ರಿಜ್‌ನ ಇಬ್ಬರು ಯುವಕರು ಓಕಾನರ್ ಅವರ ಬಗ್ಗೆ ಹೇಳಿದಾಗ ಚೆಸ್ಟರ್ಟನ್‌ಗೆ ನಗು ಉಕ್ಕಿಬರುವಂತಾಯಿತಂತೆ. ಆ ಗುರುಗಳು ಬಲ್ಲ ಕೆಡುಕಿನ ಆಳ ಕಂಡು ಅವರೇ ಬೆಚ್ಚಿದ್ದರು! 1922ರಲ್ಲಿ ಚೆಸ್ಟರ್ಟನ್ ಕಥೋಲಿಕ ಧರ್ಮಸಭೆಯನ್ನು ಸೇರಿದಾಗ ಓಕಾನರ್ ಜೊತೆಗಿದ್ದರು.

ಫಾದರ್ ಬ್ರೌನ್ ಅಪರಾಧಿಯನ್ನು ಹೇಗೆ ಗುರುತಿಸುತ್ತಾರೆ? ತಾನೂ ಅಂಥದೇ ಪಾಪ ಮಾಡಬಲ್ಲ ಮನುಷ್ಯನೆಂದು ಅರಿತು, ಅವನ ಜಾಗದಲ್ಲಿ ತನ್ನನ್ನೇ ಇಟ್ಟು ನೋಡುತ್ತಾರೆ. ಚೆಸ್ಟರ್ಟನ್ನರ ಒಂದು ಕಥೆಯಲ್ಲಿ ಫ್ಲ್ಯಾಂಬೋ ಎಂಬ ಕಳ್ಳ ವಜ್ರಗಳನ್ನು ಕದ್ದು ತೋಟದ ಮರವೇರುತ್ತಾನೆ. ಗುರುಗಳು ಪೊಲೀಸರನ್ನು ಕೂಗುವುದಿಲ್ಲ. ಮರದ ಕೆಳಗೆ ನಿಂತು, ಈ ದಾರಿ ಅವನನ್ನು ಎಲ್ಲಿಗೆ ಒಯ್ಯುತ್ತದೆಂದು ತಿಳಿಹೇಳುತ್ತಾರೆ. ವಜ್ರಗಳು ಕೆಳಗೆ ಬೀಳುತ್ತವೆ. ಅವನು ಕಳ್ಳತನವನ್ನೇ ಬಿಡುತ್ತಾನೆ. ಜೆರಿಕೋ ಪಟ್ಟಣದ ಜಕ್ಕಾಯ ನೆನಪಾಗುವುದಿಲ್ಲವೇ? ಪ್ರಭು ಯೇಸುವೂ ಮರದ ಕೆಳಗೆ ನಿಂತೇ ಅವನ ಹೆಸರು ಹಿಡಿದು ಕರೆದರು.

ನಾವೂ ಪತ್ತೇದಾರರೇ. ಪಕ್ಕದ ಮನೆಯ ಹುಡುಗ ಎಷ್ಟು ಗಂಟೆಗೆ ಬಂದ, ಯಾರ ಮನೆಯಲ್ಲಿ ಜಗಳವಾಯಿತು, ಎಲ್ಲವೂ ನಮಗೆ ಗೊತ್ತು. ಭಾನುವಾರದ ಬಲಿಪೂಜೆ ಮುಗಿಯುತ್ತಲೇ ದೇವಾಲಯದ ಗೇಟಿನ ಬಳಿ ಅದು ನಾಲ್ಕು ಕಿವಿಗಳಿಗೆ ತಲುಪುತ್ತದೆ. ತಪ್ಪು ಸಿಕ್ಕಿತು, ಮನುಷ್ಯ ಕಳೆದುಹೋದ!

ಬೀರುವಿನ ದುಡ್ಡು ಕದ್ದ ಮಗನನ್ನು ನೆಂಟರ ಮುಂದೆ ಕಳ್ಳನೆಂದು ಕರೆದರೆ ಆ ಹೆಸರೇ ಅವನಿಗೆ ಅಂಟಿಕೊಳ್ಳುತ್ತದೆ. ತಪ್ಪನ್ನು ಮುಚ್ಚಿಡಬೇಕೆಂದಲ್ಲ; ವಜ್ರ ಹಿಂತಿರುಗಲೇಬೇಕು, ಜಕ್ಕಾಯನೂ ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಕೊಡುವೆನೆಂದ. ಆದರೆ ಮಗನನ್ನು ಒಬ್ಬನನ್ನೇ ಕೂರಿಸಿ ಮಾತಾಡಿ. ಅದಕ್ಕೂ ಮೊದಲು, ಆ ವಯಸ್ಸಿನಲ್ಲಿ ನೀವೇನು ಬಚ್ಚಿಟ್ಟಿದ್ದಿರಿ, ನೆನಪಿಸಿಕೊಳ್ಳಿ. ಪ್ರಭು ನಿಮ್ಮ ಮಾತಿಗೆ ಮೃದುತ್ವ ಕೊಡಲಿ.