ಬೇಕಂತ ಕೊಂದದ್ದಲ್ಲ

ಹೋದ ಅಕ್ಟೋಬರಿನ ಒಂದು ಮಧ್ಯಾಹ್ನ ನಮ್ಮ ಬೀದಿಯ ಅಕ್ಕ ಒಬ್ಬರು ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಬೆಂಗಳೂರಿನ ವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಗುಡಿಸಿ ಒರೆಸುವ ಕೆಲಸ ಅವರದು. ನಸುಕಿನಲ್ಲೇ ಎದ್ದು ಹೋಗುತ್ತಾರೆ. ಸೆರಗು ಬಿಚ್ಚಿ, "ಅಣ್ಣಾ, ಇದ್ಯಾವ ಹಕ್ಕಿ ಅಂತ ಸ್ವಲ್ಪ ನೋಡಿ, ನಮ್ಮೂರ ಕಡೆ ಕಂಡಿಲ್ಲ" ಅಂದರು.

ನವರಂಗ. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಕಣ್ಣಿನ ಮೇಲೆ ಕರಿ ಪಟ್ಟಿ, ಬಾಲದ ಬುಡದಲ್ಲಿ ಕೆಂಪು. ಹಿಮಾಲಯದ ಬುಡದಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಕಡೆಗೂ ಶ್ರೀಲಂಕೆಗೂ ಇಳಿದು ಬರುವ ಹಕ್ಕಿ. ಪ್ರಯಾಣವೆಲ್ಲ ರಾತ್ರಿ ಹೊತ್ತು. ಮೈಮೇಲೆ ಗಾಯ ಇರಲಿಲ್ಲ. ಕೊಕ್ಕಿನ ತುದಿಯಲ್ಲಿ ಸಾಸಿವೆಯಷ್ಟು ರಕ್ತ.

"ಇಂಥವು ಆಗಾಗ ಬಿದ್ದಿರ್ತವೆ ಅಣ್ಣಾ. ಆಫೀಸಿನೋರು ಬರೋಕೆ ಮುಂಚೆ ಗುಡಿಸಿಬಿಡಿ ಅಂತ ಸೂಪರ್‌ವೈಸರ್ ಹೇಳವ್ರೆ. ಯಾರೂ ಹೊಡೆಯಲ್ಲ, ತಾನೇ ಬಂದು ಗುದ್ದಿಕೊಂಡು ಸಾಯ್ತದೆ."

ಯಾರೂ ಹೊಡೆಯಲ್ಲ, ತಾನೇ ಬಂದು ಸಾಯುತ್ತದೆ. ಆ ಭಾನುವಾರ ನಾವು ಗೆಳೆಯರು ಕೂತಾಗ ಮಾತು ಇದರ ಮೇಲೇ ನಿಂತಿತು. ಒಬ್ಬ ಗೆಳೆಯನಿಗೆ ಸಿಟ್ಟು ಬಂತು. "ಮ್ಯಾನ್‌ಹೋಲಿಗೆ ಇಳಿದು ಮನುಷ್ಯರೇ ಸಾಯೋ ದೇಶದಲ್ಲಿ ಹಕ್ಕಿ ಬಗ್ಗೆ ಮಾತಾಡೋ ಪುರುಸೊತ್ತು ನಿಮಗೆ ಎಲ್ಲಿಂದ ಬಂತ್ರೀ?" ಅಂದ. ಅವನು ಕೇಳಿದ್ದು ಸರಿಯಾಗಿಯೇ ಇದೆ. ಹುಲಿಗಾಗಿ, ಹಕ್ಕಿಗಾಗಿ ಕಣ್ಣೀರು ಹಾಕುತ್ತಲೇ ಕಾಡಿನ ಮಂದಿಯನ್ನು ಒಕ್ಕಲೆಬ್ಬಿಸಿದವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಮ್ಯಾನ್‌ಹೋಲಿನ ದಂಡೆಯಲ್ಲಿ ನಿಂತು ಗುತ್ತಿಗೆದಾರ ಹೇಳುವುದೂ ಇದೇ ಮಾತು ತಾನೆ? ಬೇಕಂತ ಮಾಡಿದ್ದಲ್ಲ, ಯಾರೂ ತಳ್ಳಿದ್ದಲ್ಲ. ಆ ಮಾತನ್ನು ಒಮ್ಮೆ ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡೋಣ ಅಂತಲೇ ನಾವು ಇದನ್ನು ಬರೆಯುತ್ತಿದ್ದೇವೆ. ಹಾಗಂತ ಹಕ್ಕಿಯನ್ನು ನಮ್ಮ ನೋವಿಗೆ ಉಪಮೆ ಮಾಡಿಕೊಳ್ಳುವ ಆಸೆ ನಮಗಿಲ್ಲ. ಕವಿಗಳು ಆ ಕೆಲಸವನ್ನು ಸಾಕಷ್ಟು ಮಾಡಿದ್ದಾರೆ. ಈ ನವರಂಗ ನವರಂಗವಾಗಿಯೇ ಸತ್ತಿದೆ.

ಮೊದಲು ಅದು ಸಾಯುವುದು ಹೇಗೆ ಅನ್ನುವುದನ್ನು ನೋಡಿ. ಮನೆಯ ಕನ್ನಡಿಯನ್ನೋ ಬೈಕಿನ ಕನ್ನಡಿಯನ್ನೋ ಗುಬ್ಬಿ ಕುಕ್ಕುವುದನ್ನು ಹಳ್ಳಿ ಮೇಷ್ಟ್ರುಗಳು ಕಂಡಿರುತ್ತೀರಿ. ಅದು ತನ್ನ ನೆರಳನ್ನೇ ಇನ್ನೊಂದು ಗುಬ್ಬಿ ಅಂದುಕೊಂಡು ಜಗಳಕ್ಕೆ ನಿಲ್ಲುವುದು. ಅದರಿಂದ ಸಾಮಾನ್ಯವಾಗಿ ಪ್ರಾಣ ಹೋಗುವುದಿಲ್ಲ. ಇದು ಬೇರೆ. ಇಲ್ಲಿ ಹಕ್ಕಿಗೆ ಗಾಜು ಕಾಣುವುದೇ ಇಲ್ಲ. ಹೊರಗಿನ ಮರ, ಮೋಡ, ಆಕಾಶ ಗಾಜಿನಲ್ಲಿ ಮೂಡಿರುತ್ತದೆ. ಹಕ್ಕಿಗೆ ಅದು ಮರವೇ, ಆಕಾಶವೇ. ಇಲ್ಲವೆ ಎರಡು ಬದಿಯೂ ಗಾಜಿರುವ ಮೂಲೆಯಲ್ಲಿ ಆಚೆ ಬದಿಯ ಗಿಡ ನೇರ ಕಾಣುತ್ತದೆ, ನಡುವೆ ದಾರಿ ಇದೆ ಅಂತ ನಂಬುತ್ತದೆ. ನಂಬಿದ ವೇಗದಲ್ಲೇ ಬಂದು ಬಡಿಯುತ್ತದೆ. ಎಷ್ಟೋ ಸಲ ಬಿದ್ದದ್ದು ಎದ್ದು ಹಾರಿಹೋಗುತ್ತದೆ. ನಾವು ಬದುಕಿತು ಅಂದುಕೊಳ್ಳುತ್ತೇವೆ. ತಲೆಯೊಳಗೆ ರಕ್ತ ಸೋರಿ ಆಮೇಲೆ ಎಲ್ಲೋ ಪೊದೆಯಲ್ಲಿ ಸಾಯುತ್ತದೆ. ಇದರ ಜೊತೆಗೆ ರಾತ್ರಿಯ ದೀಪ. ಇರುಳಲ್ಲಿ ಸಾಗುವ ಹಕ್ಕಿಗಳನ್ನು ಬೆಳಕು ಎಳೆಯುತ್ತದೆ, ಮೋಡ ಕೆಳಗಿಳಿದ ರಾತ್ರಿ ಇನ್ನೂ ಹೆಚ್ಚು.

ಇದರ ಲೆಕ್ಕವನ್ನು ಕೂತು ಇಟ್ಟಿರುವುದು ಅಮೆರಿಕದ ಶಿಕಾಗೋ ನಗರದಲ್ಲಿ. ಹಾಗಾಗಿ ಅಲ್ಲಿಗೆ ಹೋಗಬೇಕು. ಮಿಶಿಗನ್ ಸರೋವರದ ದಂಡೆಯಲ್ಲಿ ಮೆಕಾರ್ಮಿಕ್ ಪ್ಲೇಸ್ ಅಂತ ಭಾರೀ ಸಮಾವೇಶ ಭವನವಿದೆ. ಸರೋವರಕ್ಕೆ ಮುಖ ಮಾಡಿರುವ ಅದರ ಕಟ್ಟಡ 1971ರಲ್ಲಿ ತೆರೆದದ್ದು, ಗೋಡೆಯೆಲ್ಲ ಗಾಜು. ಕೆನಡಾದ ಕಾಡುಗಳಿಂದ ದಕ್ಷಿಣಕ್ಕೆ ಹೋಗುವ ಹಕ್ಕಿಗಳಿಗೆ ಆ ದಂಡೆ ರಾಜಮಾರ್ಗ. 1978ರಲ್ಲಿ ಹತ್ತಿರದ ಫೀಲ್ಡ್ ಮ್ಯೂಸಿಯಂನ ಡೇವಿಡ್ ವಿಲ್ಲಾರ್ಡ್ ಎಂಬುವರು, ಅಲ್ಲಿ ಹಕ್ಕಿ ಬಡಿಯುತ್ತವಂತೆ ಅನ್ನುವ ಮಾತು ಕೇಳಿ ಬೆಳಿಗ್ಗೆ ನಡೆದು ಹೋಗಿ ನೋಡಿದರು. ಬಿದ್ದಿದ್ದವು. ಎತ್ತಿಕೊಂಡು ಬಂದು ತೂಗಿ, ಅಳೆದು, ಬರೆದಿಟ್ಟರು. ಮತ್ತೆ ಹೋದರು. ಹಾಗೆ ಹೋಗುತ್ತಲೇ ಇದ್ದರು, ಬೇರೆಯವರೂ ಸೇರಿದರು. ಆ ಒಂದು ಕಟ್ಟಡದ ಬುಡದಲ್ಲಿ ಎತ್ತಿದ ಹಕ್ಕಿಗಳು 40,000 ದಾಟಿದವು.

ಆ ಸತ್ತ ಹಕ್ಕಿಗಳು ವಿಜ್ಞಾನಕ್ಕೂ ಆದವು. ಶಿಕಾಗೋದಲ್ಲಿ ಹೀಗೆ ಎತ್ತಿದ 70,716 ಹಕ್ಕಿಗಳ ಅಳತೆ ಹಿಡಿದು, ಲೋಕ ಬಿಸಿಯಾದಂತೆ ಹಕ್ಕಿಗಳ ಮೈ ಕಿರಿದಾಗುತ್ತಿದೆ, ರೆಕ್ಕೆ ಉದ್ದವಾಗುತ್ತಿದೆ ಅಂತ 2019ರಲ್ಲಿ ವಿಜ್ಞಾನಿಗಳು ತೋರಿಸಿದರು. 2021ರಲ್ಲಿ ಇನ್ನೊಂದು ಅಧ್ಯಯನ, ಅದೇ ಕಟ್ಟಡದ ಮೇಲೆ: ಬೆಳಗುವ ಕಿಟಕಿ ಕಡಿಮೆ ಮಾಡಿದರೆ ಸಾವು ನೂರಕ್ಕೆ 60ರಷ್ಟು ಇಳಿಯಬಹುದು ಅಂತ. ಇಷ್ಟೆಲ್ಲ ಗೊತ್ತಿತ್ತು. ಆಮೇಲೆ 2023ರ ಅಕ್ಟೋಬರ್ 5ರ ಬೆಳಗಾಯಿತು. ಹಿಂದಿನ ರಾತ್ರಿ ಹಕ್ಕಿಗಳಿಗೆ ಬೇಕಾದ ಗಾಳಿ ಬೀಸಿತ್ತು, ಹಿಂಡುಹಿಂಡಾಗಿ ಹೊರಟಿದ್ದವು. ನಸುಕಿನಲ್ಲಿ ಮಳೆ ಸಿಕ್ಕಿತು. ಭವನದಲ್ಲಿ ದೀಪ ಉರಿಯುತ್ತಿದ್ದವು. ಅದೊಂದೇ ಕಟ್ಟಡದ ಸುತ್ತ ಒಂದೇ ಬೆಳಿಗ್ಗೆ ಎತ್ತಿದ ಹಕ್ಕಿಗಳು ಸುಮಾರು 1000. ಬಹಳಷ್ಟು ವಾರ್ಬ್ಲರ್ ಜಾತಿಯ ಪುಟ್ಟ ಹಕ್ಕಿಗಳು, ಒಂದೊಂದೂ ಹತ್ತು ಹನ್ನೆರಡು ಗ್ರಾಂ. ಆ ಫೋಟೋ ಲೋಕವೆಲ್ಲ ಸುತ್ತಿತು.

ಮುಂದಿನ ವರ್ಷ ಏನು ಮಾಡಿದರು ಗೊತ್ತೆ? ಗಾಜಿನ ಮೇಲೆ ಚುಕ್ಕಿ ಅಂಟಿಸಿದರು. ಅಷ್ಟೆ. ಸಣ್ಣ ಚುಕ್ಕಿಗಳ ಸಾಲಿರುವ ಹಾಳೆ. ಖರ್ಚು 12 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 10 ಕೋಟಿ ರೂಪಾಯಿ. 2024ರ ಶರತ್ಕಾಲದ ವಲಸೆಯಲ್ಲಿ ಅಲ್ಲಿನ ಸಾವು ನೂರಕ್ಕೆ 95ರಷ್ಟು ಇಳಿಯಿತು. ಗಾಜನ್ನು ಹಕ್ಕಿ ಕಾಣುವುದಿಲ್ಲ ಅನ್ನುವುದನ್ನು ಡೇನಿಯಲ್ ಕ್ಲೆಮ್ ಎಂಬ ವಿಜ್ಞಾನಿ 1970ರ ದಶಕದಿಂದಲೂ ಹೇಳುತ್ತಾ ಬಂದಿದ್ದರು. 1978ರಿಂದ 2024ಕ್ಕೆ 46 ವರ್ಷ. ನಡುನಡುವೆ ದೀಪ ಆರಿಸಿದ್ದುಂಟು, ಇಲ್ಲವೆನ್ನುವುದಿಲ್ಲ. ಆದರೆ ಚುಕ್ಕಿಗೆ 46 ವರ್ಷ ಹಿಡಿಯಿತು.

ಈಗ ಹೇಳಿ, ಈ 40,000 ಸಾವಿಗೆ ಏನು ಹೆಸರು? ಕೊಲೆ ಅನ್ನುವಂತಿಲ್ಲ, ಯಾರ ಮನಸ್ಸಿನಲ್ಲೂ ಕೊಲ್ಲುವ ಯೋಚನೆ ಇರಲಿಲ್ಲ. ಆಕಸ್ಮಿಕ ಅನ್ನೋಣವೆ? ಆಕಸ್ಮಿಕ ಅಂದರೆ ಯಾಕೆ, ಎಲ್ಲಿಂದ ಅಂತ ಹೇಳಲು ಬಾರದ್ದು. ಇಲ್ಲಿ ಯಾಕೆ ಅನ್ನುವುದು ಗೊತ್ತು. ಎಲ್ಲಿ, ಯಾವ ತಿಂಗಳು, ಎಂಥ ಗಾಳಿ ಬೀಸಿದ ರಾತ್ರಿ ಅನ್ನುವುದೂ ಗೊತ್ತು. ವರ್ಷ ವರ್ಷವೂ ಬರೆದಿಟ್ಟ ಪುಸ್ತಕವಿದೆ. ಮೊದಲ ಹಕ್ಕಿ ಆಕಸ್ಮಿಕ ಅಂದರೆ ಒಪ್ಪೋಣ. ನಲವತ್ತು ಸಾವಿರದನೆಯದೂ ಆಕಸ್ಮಿಕವೆ?

ಅಲ್ಲಿನ ಸರ್ಕಾರ ಇದೇ ಪ್ರಶ್ನೆಯ ಸುತ್ತ ಗಾಣದೆತ್ತಿನಂತೆ ತಿರುಗುತ್ತಿದೆ. ವಲಸೆ ಹಕ್ಕಿಗಳನ್ನು ಕೊಲ್ಲಬಾರದು ಅನ್ನುವ 1918ರ ಕಾಯಿದೆ ಅವರಲ್ಲಿದೆ. ಕೊಲ್ಲುವುದೇ ಉದ್ದೇಶವಾಗಿದ್ದರೆ ಮಾತ್ರ ಅಪರಾಧ ಅಂತ 2017ರಲ್ಲಿ ಅದಕ್ಕೆ ಅರ್ಥ ಹೇಳಿದರು. 2021ರಲ್ಲಿ ಆ ಅರ್ಥವನ್ನು ತೆಗೆದರು. 2025ರಲ್ಲಿ ಮತ್ತೆ ತಂದರು. ಕೆನಡಾದ ಟೊರಾಂಟೊದಲ್ಲಿ ಕಚೇರಿ ಕಟ್ಟಡದ ಮಾಲೀಕರ ಮೇಲೆ ನಡೆದ ಮೊಕದ್ದಮೆಯಲ್ಲಿ ಮಾತ್ರ 2013ರಲ್ಲಿ ನ್ಯಾಯಾಧೀಶರು ಬೇರೆ ದಾರಿ ಹಿಡಿದರು. ಗಾಜಿನಿಂದ ಮರಳಿ ಹೊಮ್ಮುವ ಬೆಳಕೂ ಕಾರ್ಖಾನೆಯ ಹೊಗೆಯ ಹಾಗೆ ಕಟ್ಟಡ ಹೊರಬಿಡುವ ಒಂದು ವಸ್ತು, ಅದರಿಂದ ಹಕ್ಕಿ ಸತ್ತರೆ ಕಾನೂನು ಕೇಳಬಹುದು ಅಂದರು. ಆದರೂ ಮಾಲೀಕರನ್ನು ಬಿಟ್ಟರು, ಯಾಕೆಂದರೆ ಅವರು ಆಗಲೇ ತಕ್ಕ ಎಚ್ಚರ ವಹಿಸಿದ್ದರಂತೆ. ನೋಡಿ, ಅಲ್ಲಿ ಪ್ರಶ್ನೆ ಮನಸ್ಸಿನಲ್ಲಿ ಏನಿತ್ತು ಅನ್ನುವಲ್ಲಿಂದ ಜರುಗಿ ಏನು ಎಚ್ಚರ ಮಾಡಿದೆ ಅನ್ನುವಲ್ಲಿಗೆ ಬಂತು.

ಈ ಜಗಳ ನಮ್ಮ ನೆಲದಲ್ಲೂ ಹಳೆಯದು. ಉಪಾಲಿ ಸುತ್ತದಲ್ಲಿ ಬುದ್ಧನಿಗೂ ಜೈನ ಗೃಹಸ್ಥ ಉಪಾಲಿಗೂ ಇದೇ ವಾದ. ಮೈಯಿಂದ ಆದ ಕೆಡುಕು ದೊಡ್ಡದೊ, ಮನಸ್ಸಿನಿಂದ ಆದದ್ದೊ? ಬುದ್ಧನು ಮನಸ್ಸಿನ ಕಡೆ. ಬುದ್ಧನ ಮೇಲೆ ನಮಗೆ ಎಷ್ಟು ಪ್ರೀತಿಯಿದ್ದರೂ ಅವನ ಮಾತನ್ನು ಇವತ್ತಿನ ಕಂಪನಿಯ ವಕೀಲ ಎತ್ತಿಕೊಂಡರೆ ಏನಾಗುತ್ತದೆ ಅಂತ ಯೋಚನೆಯಾಗುತ್ತದೆ. ಕಂಪನಿಗೆ ಮನಸ್ಸೇ ಇಲ್ಲ. ಹಾಗಾದರೆ ಅದಕ್ಕೆ ಪಾಪವೂ ಇಲ್ಲವೆ? ಇಲ್ಲಿ ನಮಗೆ ಜೈನರ ಒಂದು ಪದ ಕೆಲಸಕ್ಕೆ ಬರುತ್ತದೆ: ಪ್ರಮಾದ. ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಮಾದದಿಂದ ಜೀವ ಹೋಗುವುದನ್ನು ಹಿಡಿಯುತ್ತದೆ. ಅಂದರೆ ಎಚ್ಚರಗೇಡಿತನ. ಅದಕ್ಕೇ ಆ ಮುನಿಗಳು ಕೂರುವ ಜಾಗವನ್ನು ಮೊದಲು ನವಿಲುಗರಿಯ ಪಿಂಛಿಯಿಂದ ಸವರುತ್ತಾರೆ, ಮಳೆಗಾಲದಲ್ಲಿ ಊರೂರು ಅಲೆಯುವುದಿಲ್ಲ. ಬಸದಿ ಮಠಗಳ ಜೊತೆ ನಮಗಿರುವ ತಕರಾರು ಬೇರೆ, ಅದು ಇರಲಿ. ಇರುವೆ ಕಾಣದೆ ಕಾಲಿಟ್ಟೆ ಅನ್ನುವವನಿಗೆ, ನೋಡಿ ಇಡಬೇಕಿತ್ತು ಅಂತ ಹೇಳುವ ಧೈರ್ಯ ಆ ಪದಕ್ಕಿದೆ. ನಾವೋ ಇವತ್ತು 'ಪ್ರಮಾದವಾಯಿತು' ಅಂತ ಕೈ ತೊಳೆದುಕೊಳ್ಳುವುದಕ್ಕೆ ಅದನ್ನು ಬಳಸುತ್ತಿದ್ದೇವೆ.

ಕಟ್ಟಿದವರಿಗೆ ಗೊತ್ತಿರಲಿಲ್ಲ ಅನ್ನುವ ಮಾತೂ ನಿಲ್ಲುವುದಿಲ್ಲ. ನಾವು ಅಕ್ಕನನ್ನು ಕೇಳಿದೆವು, ನಿಮ್ಮ ಕಟ್ಟಡದ ಬಾಗಿಲೂ ಗಾಜೇ ತಾನೆ, ಜನ ಗುದ್ದಿಕೊಳ್ಳುವುದಿಲ್ಲವೆ ಅಂತ. ಅಕ್ಕ ನಕ್ಕರು. "ಒಬ್ರು ಸಾಹೇಬ್ರು ಮೂಗು ಗುದ್ದಿಕೊಂಡ್ರು. ಮಾರನೇ ದಿನವೇ ಬಿಳೀ ಪಟ್ಟಿ ಅಂಟ್ಸಿದ್ರು." ಗಾಜು ಕಾಣುವುದಿಲ್ಲ ಅನ್ನುವ ಜ್ಞಾನ ಆ ಬಾಗಿಲಿನಲ್ಲೇ ಇದೆ, ಸಾಹೇಬರ ಮೂಗಿನ ಎತ್ತರದಲ್ಲಿ. ಅದಕ್ಕಿಂತ ಮೇಲೆ ಹೋಗಿಲ್ಲ. ಹಕ್ಕಿ ಬೀಳುವುದನ್ನು ಮೊದಲು ತಿಳಿದವರು ಪೊರಕೆ ಹಿಡಿದವರು. ಆದರೆ ಅವರ ಕೈಯಲ್ಲೇ ಆ ತಿಳಿವಳಿಕೆಯನ್ನು ಗುಡಿಸಿ ಹಾಕಿಸುತ್ತಾರೆ. ಒಂಬತ್ತಕ್ಕೆ ಬರುವವರು ಅಲ್ಲಿ ಏನೂ ಆಗಿಲ್ಲ ಅಂತ ನಂಬುತ್ತಾರೆ, ಅವರ ಪಾಲಿಗೆ ಅದು ಸುಳ್ಳೂ ಅಲ್ಲ.

ಇಷ್ಟು ಬರೆದು ನಮಗೆ ಸಮಾಧಾನವಾಗಿತ್ತು. ಗಗನಚುಂಬಿ ಕಟ್ಟಿದ ಬಂಡವಾಳದವನೇ ಅಪರಾಧಿ, ಮುಗಿಯಿತು ಅಂದುಕೊಂಡಿದ್ದೆವು. ಆದರೆ ಅಂಕಿ ಬೇರೆ ಹೇಳಿತು. ಅಮೆರಿಕದಲ್ಲಿ ವರ್ಷಕ್ಕೆ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ ಅಂತ 2014ರ ಒಂದು ಅಂದಾಜು. ಅದರಲ್ಲಿ ಗಗನಚುಂಬಿಗಳ ಪಾಲು ನೂರಕ್ಕೆ ಒಂದಕ್ಕೂ ಕಡಿಮೆ. ಸುಮಾರು 56 ಪಾಲು ಕಡಿಮೆ ಎತ್ತರದ ಕಟ್ಟಡಗಳದ್ದು, 44 ಪಾಲು ಒಂದರಿಂದ ಮೂರು ಮಹಡಿಯ ವಾಸದ ಮನೆಗಳದ್ದು. ಒಂದೊಂದು ಮನೆ ವರ್ಷಕ್ಕೆ ಒಂದೆರಡನ್ನು ಕೊಂದರೂ ಮನೆಗಳು ಕೋಟಿಗಟ್ಟಲೆ. ನಾವು ಚಾಚಿದ್ದ ಬೆರಳು ನಮ್ಮ ಕಡೆಗೇ ತಿರುಗಿತು. ನಮ್ಮ ಹಳ್ಳಿಗಳಲ್ಲೂ ಈಗ ಮರದ ಕಿಟಕಿ ಹೋಗಿ ಹೊಳೆಯುವ ನೀಲಿ ಗಾಜು ಬಂದಿದೆ. ಶಾಲೆಯ ಹೊಸ ಕೊಠಡಿಗೂ ಅದೇ.

ಅದನ್ನು ಕಿತ್ತು ಹಾಕಿ ಅಂತ ನಾವು ಹೇಳುವುದಿಲ್ಲ. ಗಾಳಿ ಬೆಳಕು ಕಾಣದ ಗೂಡಿನಲ್ಲಿ ಬೆಳೆದವರಿಗೆ ಕಿಟಕಿಯ ಬೆಲೆ ಗೊತ್ತು. ಮಾಡಬೇಕಾದ್ದು ಬಹಳ ಸಣ್ಣದು. ಗಾಜಿನ ಹೊರಮೈಗೆ, ಒಳಗಲ್ಲ, ಸುಣ್ಣದಲ್ಲೋ ಬಣ್ಣದಲ್ಲೋ ಬೊಟ್ಟು ಇಡಬೇಕು. ಒಂದರಿಂದ ಇನ್ನೊಂದಕ್ಕೆ ಅಡ್ಡಕ್ಕೂ ಉದ್ದಕ್ಕೂ 5 ಸೆಂಟಿಮೀಟರ್, ಅಂದರೆ ಮೂರು ಬೆರಳಗಲ ಮೀರಬಾರದು. ಅದಕ್ಕಿಂತ ಸಂದು ದೊಡ್ಡದಾದರೆ ಹಕ್ಕಿ ನಡುವೆ ನುಗ್ಗಲು ನೋಡುತ್ತದೆ. ಗಿಡುಗನ ಚಿತ್ರ ಒಂದನ್ನು ಅಂಟಿಸಿದರೆ ಹೆದರುತ್ತವೆ ಅನ್ನುವುದು ಸುಳ್ಳು, ಪಕ್ಕದಲ್ಲೇ ಬಂದು ಬಡಿಯುತ್ತವೆ. ಸೊಳ್ಳೆ ಪರದೆಯ ಜಾಲರಿಯನ್ನು ಹೊರಗಡೆ ಹಾಕಿದರೆ ಎರಡು ಕೆಲಸ ಒಂದರಲ್ಲೇ ಆಯಿತು. ಬಡಿದು ಬಿದ್ದ ಹಕ್ಕಿಯಲ್ಲಿ ಜೀವ ಇದ್ದರೆ ಬಾಯಿಗೆ ನೀರು ಬಿಡಬೇಡಿ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿ ಗಂಟೆ ಎರಡು ಗಂಟೆ ಇಟ್ಟು, ಗಾಜಿಲ್ಲದ ಕಡೆ ಬಿಡಿ. ದೊಡ್ಡ ಕಟ್ಟಡಗಳ ವಿಷಯ ಬೊಟ್ಟಿಗೆ ಬಗ್ಗುವುದಿಲ್ಲ, ಅದಕ್ಕೆ ಕಾನೂನೇ ಬೇಕು. ನ್ಯೂಯಾರ್ಕ್ ನಗರದಲ್ಲಿ 2021ರಿಂದ ಹೊಸ ಕಟ್ಟಡಗಳ ಗಾಜು 75 ಅಡಿ ಎತ್ತರದವರೆಗೆ ಬಹುಪಾಲು ಹಕ್ಕಿಗೆ ಕಾಣುವಂಥದ್ದೇ ಆಗಿರಬೇಕು. ನಮ್ಮ 1972ರ ವನ್ಯಜೀವಿ ಕಾಯಿದೆಯಲ್ಲಿ ಬೇಟೆಯ ಮಾತಿದೆ, ಗಾಜಿನ ಮಾತಿಲ್ಲ.

ನಮ್ಮ ಗುಂಪಿನ ಮೇಷ್ಟ್ರೊಬ್ಬರು ತಮ್ಮ ಶಾಲೆಯ ಕಿಟಕಿಗೆ ಮಕ್ಕಳ ಕೈಯಲ್ಲಿ ಸುಣ್ಣದ ಬೊಟ್ಟು ಇಡಿಸಿದರು. ಅದೇನು ಗಲೀಜು ಅಂತ ಮೇಲಿನವರು ಕೇಳಿದರಂತೆ. ಮಳೆಗೆ ಹೋಯಿತು, ಮಕ್ಕಳು ಮತ್ತೆ ಇಟ್ಟಿದ್ದಾರೆ.

ಅಕ್ಕನಿಗೆ ನಾವು ನಲವತ್ತು ಪುಟದ ಒಂದು ನೋಟ್‌ಬುಕ್ ಕೊಟ್ಟೆವು. ಏಳನೇ ಕ್ಲಾಸು ಓದಿದ್ದಾರೆ, ಬರೆಯುತ್ತಾರೆ. ಗುಡಿಸುವ ಮುಂಚೆ ತಾರೀಕು ಹಾಕಿ ಒಂದು ಸಾಲು ಬರೆಯಿರಿ ಅಂದೆವು. ಸೂಪರ್‌ವೈಸರ್ ನೋಡಿದರೆ ಕೆಲಸಕ್ಕೆ ಸಂಚಕಾರ ಬರಬಹುದು ಅಂತಲೂ ಹೇಳಿದೆವು. ಅವರು ಅದನ್ನು ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಮೊದಲ ಪುಟದಲ್ಲಿ ಹೀಗಿದೆ: "ನವೆಂಬರ್ 9. ಹಸಿರು, ಚಿಕ್ಕದು, 1. ಲಿಫ್ಟಿನ ಹಿಂದುಗಡೆ. ನವೆಂಬರ್ 14. ಪಾರಿವಾಳ 1. ಉಸಿರಿತ್ತು. ಡಬ್ಬದಲ್ಲಿ ಇಟ್ಟಿದ್ದೆ, ಹಾರಿಹೋಯ್ತು. ನವೆಂಬರ್ 17. ಹೆಸರು ಗೊತ್ತಿಲ್ಲ, 2."